ಬೆಳೆದವರೇ ಮಾರುವ ಸಂತೆ

ಉಳ್ಳಾಲವೆಂದೊಡನೆ ನಮ್ಮ ನೆನಪಿಗೆ ಬರುವುದು ರಾಣಿ ಅಬ್ಬಕ್ಕನ ಕಥೆ. ಪೋರ್ಚುಗೀಸರೊಡನೆ ಆ ಚೌಟ ಮನೆತನಕ್ಕಿದ್ದ ವೈರವನ್ನು ನಾವು ಸಾಮಾನ್ಯವಾಗಿ ಕತ್ತಿ, ಕೋಟೆ, ಬೆಂಕಿಯ ಬಾಣಗಳ ಮಾತಿನಲ್ಲಿ ಹೇಳುತ್ತೇವೆ. ಆದರೆ ಕಪ್ಪಕಾಣಿಕೆಯ ಜತೆಗೆ ಆ ವೈರದ ಬುಡದಲ್ಲಿದ್ದದ್ದು ವ್ಯಾಪಾರದ ಪ್ರಶ್ನೆ. ಈ ನೆಲದಲ್ಲಿ ಬೆಳೆದ ಕರಿಮೆಣಸನ್ನು ಯಾರಿಗೆ ಮಾರಬೇಕು, ಯಾರ ಅಪ್ಪಣೆ ಪಡೆದು ಮಾರಬೇಕು ಎಂಬ ಪ್ರಶ್ನೆ. 1623ರಲ್ಲಿ ಈ ಕರಾವಳಿಗೆ ಬಂದಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಮೊದಲು ಕಂಡದ್ದು ಸಿಂಹಾಸನದ ಮೇಲಲ್ಲ, ಬೀದಿಯಲ್ಲಿ. ತಾನು ಮಾಡಿಸುತ್ತಿದ್ದ ಅಗೆತದ ಕೆಲಸವೊಂದನ್ನು ನೋಡಿಕೊಂಡು ಆಕೆ ಕಾಲ್ನಡಿಗೆಯಲ್ಲಿ ಹಿಂದಿರುಗುತ್ತಿದ್ದಳು. ಆ ಚಿತ್ರ ನನಗೆ ಯಾವ ಯುದ್ಧದ ವರ್ಣನೆಗಿಂತಲೂ ಹೆಚ್ಚು ಇಷ್ಟವಾದದ್ದು.

ಕರಿಮೆಣಸಿನ ಕಾಲ ಹೋಯಿತು. ಆದರೆ ಬೆಳೆದವನು ತನ್ನ ಬೆಳೆಯನ್ನು ಯಾರಿಗೆ, ಹೇಗೆ ಮಾರಬೇಕು ಎಂಬ ಪ್ರಶ್ನೆ ಉಳ್ಳಾಲದ ಸುತ್ತಿನ ಹಳ್ಳಿಗಳಲ್ಲಿ ಇಂದಿಗೂ ಜೀವಂತವಾಗಿದೆ. ಈಚೆಗೆ ತಾಲೂಕಿನ ಪಟ್ಟ ಪಡೆದ ಈ ಊರಿನ ಹೆಸರಿನೊಡನೆ ಕಡಲು, ಮೀನು, ದರ್ಗಾ, ಸೋಮನಾಥ ದೇವಾಲಯಗಳನ್ನು ಮಾತ್ರ ಜೋಡಿಸುವುದು ರೂಢಿ. ಮೂಡಣಕ್ಕೆ ತುಸು ನಡೆದರೆ ಬೇರೆಯೇ ಉಳ್ಳಾಲ ಕಾಣುತ್ತದೆ. ನೇತ್ರಾವತಿಯ ತೆಂಕಣ ದಂಡೆಯ ಹರೇಕಳ, ಪಾವೂರು, ಒಳಗಿನ ಕೊಣಾಜೆ, ಕುರ್ನಾಡು, ಗಡಿಯ ತಲಪಾಡಿ, ಇವೆಲ್ಲ ತೆಂಗು, ಅಡಿಕೆ, ಭತ್ತ, ತರಕಾರಿಯ ಊರುಗಳು. ಹರೇಕಳವೆಂದರೆ ಇಂದು ನಾಡಿಗೆಲ್ಲ ನೆನಪಾಗುವವರು ಕಿತ್ತಳೆ ಮಾರಿ ಊರಿಗೊಂದು ಶಾಲೆ ತಂದ ಹಾಜಬ್ಬ ಅವರು. 2020ರಲ್ಲಿ ಅವರ ಹೆಸರು ಪದ್ಮಶ್ರೀ ಪಟ್ಟಿಯಲ್ಲಿ ಬಂತು. ತರಕಾರಿ ಬೆಳೆಯುವವರ ಬಾಯಲ್ಲಿ ಮಾತ್ರ ಹರೇಕಳ ಮೊದಲಿನಿಂದಲೂ ಮೆಣಸಿನ ಊರು. ಅಲ್ಲಿನ ಮೆಣಸಿಗೆ ಊರಿನದೇ ಹೆಸರು.

ಇಂಥ ಊರಿನ ಒಬ್ಬ ಬೆಳೆಗಾರನ ಬುಟ್ಟಿಯಲ್ಲಿ ಏನಿರುತ್ತದೆ ಎಂಬುದನ್ನು ನೋಡಿದರೆ ಅವನ ಕಷ್ಟ ಅರ್ಥವಾಗುತ್ತದೆ. ಏಣೆಲು ಬೆಳೆ ಕೊಯ್ದ ಗದ್ದೆಯಲ್ಲಿ ಆತ ಏರಿ ಮಾಡಿ ಸೌತೆ, ಹರಿವೆ, ಅಲಸಂಡೆ, ಮೆಣಸು ಹಾಕುತ್ತಾನೆ. ಬಾವಿಕಟ್ಟೆಯ ಬಳಿ ಬಸಳೆಯ ಚಪ್ಪರವಿರುತ್ತದೆ. ಬೇಲಿಯ ಮೇಲೆ ತೊಂಡೆ, ಹಿತ್ತಿಲಲ್ಲಿ ಜೀಗುಜ್ಜೆ, ಅಂಬಟೆ, ನಾಲ್ಕು ಗೊನೆ ಬಾಳೆ. 1974ರ ಭೂಸುಧಾರಣೆಯ ಬಳಿಕ ಗೇಣಿದಾರರು ಒಡೆಯರಾದ ಜಿಲ್ಲೆ ಇದು. ಹಿಡುವಳಿಗಳು ಚಿಕ್ಕವು, ಆದ್ದರಿಂದ ಒಬ್ಬನ ಬೆಳೆಯೂ ಚಿಕ್ಕದು, ಅದರಲ್ಲಿ ಬಗೆಗಳು ಹೆಚ್ಚು. ಐದು ಕಿಲೊ ಬೆಂಡೆ, ಹತ್ತು ಕಟ್ಟು ಹರಿವೆ, ಒಂದು ಹಲಸು. ಸಗಟು ವ್ಯಾಪಾರಿಗೆ ಇದು ಸರಕೇ ಅಲ್ಲ. ಅವನಿಗೆ ಬೇಕಾದದ್ದು ಒಂದೇ ಬಗೆಯ, ಒಂದೇ ಗಾತ್ರದ, ಲಾರಿಯಲ್ಲಿ ಬರುವ ಮಾಲು. ಘಟ್ಟದ ಮೇಲಿನ ಕೋಸು, ಬೀನ್ಸು, ಟೊಮೆಟೊಗಳು ಹಾಗೆ ಬರುತ್ತವೆ. ನಮ್ಮ ಕಡೆಯ ಬುಟ್ಟಿ ಆ ರಾಶಿಯ ಪಕ್ಕದಲ್ಲಿ ಕುಳಿತಾಗ ಅದಕ್ಕೆ ಬೆಲೆ ಹೇಳುವವನು ಕೊಳ್ಳುವವನೇ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ರಾಶಿಗೆ ಬಿದ್ದ ಮಾಲಿನ ಮೇಲೆ ಬೆಳೆದವನ ಹೆಸರು ಉಳಿಯುವುದಿಲ್ಲ. ಮೂರು ತಿಂಗಳು ಹಟ್ಟಿಗೊಬ್ಬರ, ಸುಡುಮಣ್ಣು, ಬೂದಿ ಹಾಕಿ, ಹುಳುವನ್ನು ಕೈಯಲ್ಲಿ ಆರಿಸಿ ಬೆಳೆಸಿದ ಬೆಂಡೆಯೂ, ವಾರಕ್ಕೆರಡು ಬಾರಿ ಕೀಟನಾಶಕ ಕುಡಿದ ಬೆಂಡೆಯೂ ಅಲ್ಲಿ ಒಂದೇ ತಕ್ಕಡಿಗೆ ಏರುತ್ತವೆ. ಕಣ್ಣಿಗೆ ಎರಡನೆಯದೇ ಹೆಚ್ಚು ಚೆಂದ. ಸಾವಯವ ಕೃಷಿಕನಿಗೆ ಮಾರುಕಟ್ಟೆಯಲ್ಲಿ ಆಗುವ ಅನ್ಯಾಯದ ತಿರುಳು ಇದು: ಕಡಿಮೆ ಬೆಲೆ ಸಿಕ್ಕಿತು ಎಂಬುದಕ್ಕಿಂತ, ಆತ ಮಾಡಿದ ಕೆಲಸವೇ ಅಲ್ಲಿ ಅಳಿಸಿಹೋಗುತ್ತದೆ.

ರೈತನಿಗೂ ಬಳಕೆದಾರನಿಗೂ ನಡುವೆ ಇರುವ ಅಂತರವನ್ನು ಕಡಿಮೆ ಮಾಡಲು ನಮ್ಮ ದೇಶದಲ್ಲಿ ಪ್ರಯತ್ನಗಳು ನಡೆಯದೆ ಇಲ್ಲ. ಸರಿಯಾದ ತೂಕ, ಬಹಿರಂಗ ಹರಾಜು, ಸಕಾಲದಲ್ಲಿ ಹಣ ಇವನ್ನು ದೊರಕಿಸಲೆಂದೇ ಕರ್ನಾಟಕದಲ್ಲಿ 1966ರ ಕೃಷಿ ಉತ್ಪನ್ನ ಮಾರುಕಟ್ಟೆಯ ಕಾಯಿದೆ ಬಂತು. ಅದಕ್ಕೂ ಮೊದಲೇ, 1959ರಲ್ಲಿ, ತೋಟಗಾರಿಕೆಯ ಎಂ. ಎಚ್. ಮರಿಗೌಡರ ಆಸಕ್ತಿಯಿಂದ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಒಂದು ಸಹಕಾರ ಸಂಘ ಕಟ್ಟಿಕೊಂಡಿದ್ದರು. ಇಂದು ನಾವು ಹಾಪ್‌ಕಾಮ್ಸ್ ಎಂದು ಕರೆಯುವ ಅಂಗಡಿಗಳ ಮೂಲ ಅದು. ಪಂಜಾಬಿನಲ್ಲಿ 1987ರಲ್ಲಿ 'ಅಪ್ನೀ ಮಂಡಿ' ತೊಡಗಿತು. 1999ರಲ್ಲಿ ಆಂಧ್ರದ 'ರೈತು ಬಜಾರ್' ಮತ್ತು ತಮಿಳುನಾಡಿನ 'ಉಳವರ್ ಸಂದೈ' ಬಂದವು. ಅಲ್ಲಿ ಸರಕಾರವೇ ಜಾಗ ಕೊಟ್ಟು, ರೈತನಿಗೆ ಗುರುತಿನ ಚೀಟಿ ಕೊಟ್ಟು, ಪ್ರತಿದಿನ ಬೆಳಗ್ಗೆ ದರವನ್ನು ಹಲಗೆಯ ಮೇಲೆ ಬರೆಯುವ ವ್ಯವಸ್ಥೆ ಮಾಡಿತು. ದರ ಸಗಟು ಬೆಲೆಗಿಂತ ಹೆಚ್ಚು, ಚಿಲ್ಲರೆ ಬೆಲೆಗಿಂತ ಕಡಿಮೆ. ರೈತನಿಗೂ ಲಾಭ, ಕೊಳ್ಳುವವನಿಗೂ ಲಾಭ. ಜಾಣ ಉಪಾಯ. ಆದರೆ ಈ ಸಂತೆಗಳೆಲ್ಲ ಉತ್ತರಿಸಿದ್ದು ದಲ್ಲಾಳಿಯ ಪ್ರಶ್ನೆಗೆ. ಬೆಳೆ ಯಾರದು ಎಂದು ಅವು ಕೇಳಿದವು, ಹೇಗೆ ಬೆಳೆದದ್ದು ಎಂದು ಕೇಳಲಿಲ್ಲ.

ಆ ಎರಡನೆಯ ಪ್ರಶ್ನೆಯನ್ನು ಕೇಳುವುದಕ್ಕೆ ನಮ್ಮ ಕರಾವಳಿಗೆ ವಿಶೇಷವಾದ ಕಾರಣವಿದೆ, ಅದೂ ಕಹಿಯಾದ ಕಾರಣ. ಉಳ್ಳಾಲದಿಂದ ತಲಪಾಡಿ ದಾಟಿದರೆ ಕಾಸರಗೋಡು ಜಿಲ್ಲೆ. ಅಲ್ಲಿನ ಸರಕಾರಿ ನಿಗಮದ ಗೇರು ತೋಟಗಳ ಮೇಲೆ, ಟೀ ಸೊಳ್ಳೆಯ ಕಾಟವನ್ನು ತಡೆಯಲೆಂದು, 1970ರ ದಶಕದ ಕೊನೆಯಿಂದ 2000ದವರೆಗೆ ಆಕಾಶದಿಂದ ಎಂಡೋಸಲ್ಫಾನ್ ಸುರಿಸಲಾಯಿತು. ಎಣ್ಮಕಜೆಯಂಥ ಕನ್ನಡ, ತುಳು ಮಾತಿನ ಊರುಗಳ ಬೆಟ್ಟ, ತೋಡು, ಬಾವಿಗಳು ಅದರ ಕೆಳಗಿದ್ದವು. ನಮ್ಮ ಜಿಲ್ಲೆಯಲ್ಲೇ ಬೆಳ್ತಂಗಡಿ ಕಡೆಯ ಕೊಕ್ಕಡ, ನಿಡ್ಲೆ, ಪಟ್ರಮೆಗಳ ಗೇರು ತೋಟಗಳಿಗೂ ಅದೇ ಮದ್ದು ಬಂತು. ಅಂಗವಿಕಲ ಕರುಗಳು ಹುಟ್ಟುತ್ತಿರುವುದನ್ನು 1980ರ ದಶಕದ ಆರಂಭದಲ್ಲೇ ಪತ್ರಿಕೆಗಳಲ್ಲಿ ಬರೆದು ಎಚ್ಚರಿಸಿದವರು ಆ ನೆಲದವರೇ ಆದ ಕೃಷಿಕ, ಪತ್ರಕರ್ತ ಶ್ರೀ ಪಡ್ರೆ. ಅನಂತರ ಮಕ್ಕಳ ಸರದಿ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆಯಿತು. ಆ ಹೊತ್ತಿಗೆ ಒಂದು ತಲೆಮಾರು ಹಾಸಿಗೆ ಹಿಡಿದಿತ್ತು.

ಇಲ್ಲಿ ಒಂದು ಮಾತಿನ ವಿಚಾರ. ನಮ್ಮ ಕಡೆ ಕೀಟನಾಶಕಕ್ಕೆ 'ಮದ್ದು' ಎನ್ನುತ್ತಾರೆ. ಜ್ವರಕ್ಕೆ ಕೊಡುವುದೂ ಮದ್ದು, ಬೆಂಡೆಗೆ ಬಿಡುವುದೂ ಮದ್ದು. ವಿಷವೆಂದು ಕರೆದಿದ್ದರೆ ನಾವು ಅದನ್ನು ಅಷ್ಟು ಸುಲಭವಾಗಿ ಅಂಗಳದೊಳಕ್ಕೆ ಬಿಟ್ಟುಕೊಳ್ಳುತ್ತಿದ್ದೆವೋ ಇಲ್ಲವೋ ತಿಳಿಯದು. ಎಂಡೋಸಲ್ಫಾನಿನ ಬಳಿಕ ಆ ಪದದ ಮೇಲಿನ ನಂಬಿಕೆ ಸಡಿಲವಾಯಿತು. "ಇದಕ್ಕೆ ಮದ್ದು ಬಿಟ್ಟಿದ್ದೀರೋ?" ಎಂದು ಪೇಟೆಯ ಗೃಹಿಣಿ ತರಕಾರಿ ಅಂಗಡಿಯಲ್ಲಿ ಕೇಳತೊಡಗಿದಳು. ಅಂಗಡಿಯವನು ಏನು ಹೇಳಿಯಾನು? ಅವನಿಗೂ ಗೊತ್ತಿಲ್ಲ.

ಉಳ್ಳಾಲದವರಿಗೆ ನೇರ ಮಾರಾಟ ಹೊಸ ಸಂಗತಿಯಲ್ಲ. ಬುಟ್ಟಿ ಹೊತ್ತು ಮನೆ ಮನೆಗೆ ಬರುವ ಮೀನಿನ ಹೆಂಗಸಿಗಿಂತ ಹಳೆಯ ನೇರ ಮಾರಾಟಗಾರರು ಈ ಊರಿನಲ್ಲಿ ಯಾರಿದ್ದಾರೆ? ಅವರ ಬಳಿ ಯಾವ ಪ್ರಮಾಣಪತ್ರವೂ ಇಲ್ಲ. ಮನೆಯೊಡತಿ ಬಂಗುಡೆಯ ಕಿವಿರು ಎತ್ತಿ ನೋಡುತ್ತಾಳೆ. ಕೆಂಪಾಗಿದ್ದರೆ ತಾಜಾ, ಕಂದಿದ್ದರೆ ನಿನ್ನೆಯದು. ಜತೆಗೆ ನಾಳೆಯೂ ಈಕೆ ಇದೇ ಮನೆಗೆ ಬರಬೇಕಾದವಳು ಎಂಬ ಭರವಸೆ ಇದೆ. ಹಾಳು ಮೀನು ಕೊಟ್ಟರೆ ನಾಳೆ ಬಾಗಿಲು ಮುಚ್ಚಿರುತ್ತದೆ. ವ್ಯವಹಾರ ಅಷ್ಟರಲ್ಲಿ ಮುಗಿಯುತ್ತದೆ.

ತರಕಾರಿಯ ವಿಷಯದಲ್ಲಿ ಇದರ ಅರ್ಧ ಮಾತ್ರ ಸಾಧ್ಯ. ನಾಳೆಯೂ ಬರುವ ಮುಖ ಸಿಗಬಹುದು. ಬೆಂಡೆಗೆ ಮಾತ್ರ ಕಿವಿರಿಲ್ಲ. ಅದರ ಮೇಲೆ ಏನು ಬಿದ್ದಿತ್ತು ಎಂಬುದನ್ನು ಕಣ್ಣು, ಮೂಗು, ನಾಲಗೆ ಹೇಳಲಾರವು. ಪ್ರಯೋಗಾಲಯ ಹೇಳಬಲ್ಲುದು, ಆದರೆ ಒಂದು ಮಾದರಿಯ ವಿಷಶೇಷ ಪರೀಕ್ಷೆಗೆ ಸಾವಿರಗಟ್ಟಲೆ ರೂಪಾಯಿ ಬೇಕು. ಹತ್ತು ಕಟ್ಟು ಹರಿವೆ ಮಾರುವವನು ಅದನ್ನು ಭರಿಸುವುದೆಂತು? ಆದಕಾರಣ ಸಾವಯವ ಸಂತೆಯ ವ್ಯವಸ್ಥೆಯೆಂದರೆ, ಕಾಣದ ಗುಣವೊಂದಕ್ಕೆ ಕಾಣುವ ಸಾಕ್ಷಿ ಒದಗಿಸುವ ವ್ಯವಸ್ಥೆ. ಮೇಜು, ತಕ್ಕಡಿ, ನೆರಳು ಇವೆಲ್ಲ ಆಮೇಲಿನವು.

ಸಾಕ್ಷಿ ಒದಗಿಸಲು ಮೂರು ದಾರಿಗಳಿವೆ. ಮೊದಲನೆಯದು ಹೊರಗಿನ ಸಂಸ್ಥೆಯೊಂದು ಬಂದು ತೋಟ ಪರೀಕ್ಷಿಸಿ ಕೊಡುವ ಪ್ರಮಾಣಪತ್ರ. ಇದಕ್ಕೆ ಕೇಂದ್ರ ಸರಕಾರದ ರಾಷ್ಟ್ರೀಯ ಕಾರ್ಯಕ್ರಮ 2001ರಲ್ಲಿ ಬಂತು; ಮುಖ್ಯವಾಗಿ ರಫ್ತಿನ ಮೇಲೆ ಕಣ್ಣಿಟ್ಟು ಮಾಡಿದ್ದು. ರಾಸಾಯನಿಕ ಬಿಟ್ಟ ಮಾತ್ರಕ್ಕೆ ನೆಲ ಸಾವಯವವಾಗುವುದಿಲ್ಲ. ತರಕಾರಿ, ಭತ್ತದಂಥ ಬೆಳೆಗೆ ಎರಡು ವರ್ಷ, ತೆಂಗು ಅಡಿಕೆಯಂಥ ಬಹುವಾರ್ಷಿಕಕ್ಕೆ ಮೂರು ವರ್ಷ ಪರಿವರ್ತನೆಯ ಕಾಲವೆಂದು ಅದು ಲೆಕ್ಕ ಹಾಕುತ್ತದೆ. ಆ ವರ್ಷಗಳಲ್ಲಿ ಇಳುವರಿ ಕುಗ್ಗಬಹುದು, ಆದರೆ ಸಾವಯವದ ಬೆಲೆ ಕೇಳುವಂತಿಲ್ಲ. ಶುಲ್ಕವಂತೂ ಇದ್ದೇ ಇದೆ, ದಾಖಲೆ ಪುಸ್ತಕಗಳೂ ಇವೆ. ಅರ್ಧ ಎಕರೆಯವನಿಗೆ ಈ ದಾರಿ ಹತ್ತಲಾಗದ ಏಣಿ.

ಎರಡನೆಯದು ಬೆಳೆಗಾರರೇ ಪರಸ್ಪರ ಕೊಡುವ ಖಾತರಿ. ನೆರೆಹೊರೆಯ ಕನಿಷ್ಠ ಐದು ಮಂದಿ ಕೃಷಿಕರು ಗುಂಪಾಗಿ, ಒಬ್ಬರ ತೋಟಕ್ಕೆ ಇನ್ನೊಬ್ಬರು ಹೋಗಿ ನೋಡಿ, ಸರಿಯಿದೆಯೆಂದು ಸಹಿ ಹಾಕುವ ಪದ್ಧತಿ. 2011ರಿಂದ ಸರಕಾರವೂ ಇದನ್ನು 'ಪಿಜಿಎಸ್' ಎಂಬ ಹೆಸರಿನಲ್ಲಿ ನಡೆಸುತ್ತ ಬಂದಿದೆ. ಹಳ್ಳಿಯನ್ನು ಬಲ್ಲವರು ಇದರ ಶಕ್ತಿಯನ್ನೂ ಬಲ್ಲರು, ದೌರ್ಬಲ್ಯವನ್ನೂ ಬಲ್ಲರು. ನೆರೆಯವನ ಕಣ್ಣಿಗಿಂತ ಚುರುಕಾದ ಪರೀಕ್ಷಕನಿಲ್ಲ; ನೆರೆಯವನ ದಾಕ್ಷಿಣ್ಯಕ್ಕಿಂತ ದೊಡ್ಡ ಅಡ್ಡಿಯೂ ಇಲ್ಲ.

ಮೂರನೆಯದು ಬೆಳೆದವನೇ ಕೊಳ್ಳುವವನ ಎದುರು ನಿಂತು ಹೇಳುವ ಮಾತು. ಇದು ಕೇವಲ ಭಾವುಕತೆಯೆಂದು ಕೆಲವರು ನಕ್ಕಾರು. ಆದರೆ ಕಾನೂನು ನಗಲಿಲ್ಲ. ಸಾವಯವವೆಂದು ಹೇಳಿ ಮಾರುವ ಎಲ್ಲ ಆಹಾರಕ್ಕೂ ಪ್ರಮಾಣಪತ್ರ ಬೇಕೆಂದು 2017ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ಮಾಡಿದಾಗ, ಮೂಲ ಬೆಳೆಗಾರನೋ ಬೆಳೆಗಾರರ ಸಂಘವೋ ನೇರವಾಗಿ ಬಳಕೆದಾರನಿಗೆ ಮಾರುವ ಮಾಲಿಗೆ ಅದರಿಂದ ವಿನಾಯಿತಿ ಕೊಟ್ಟಿತು. ಮುಂದೆ ಬೆಳೆಗಾರನಿಗೆ ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟಿನ ಮಿತಿ ಸೇರಿತು. ಸರಕಾರದ ಸಾವಯವ ಮುದ್ರೆಯನ್ನು ಮಾತ್ರ ಆತ ಹಾಕಿಕೊಳ್ಳುವಂತಿಲ್ಲ. ಎಂದರೆ, ಅಂಗಡಿಯ ಕಪಾಟಿನಲ್ಲಿ ಮುದ್ರೆ ಮಾಡುವ ಕೆಲಸವನ್ನು ಸಂತೆಯಲ್ಲಿ ಮುಖ ಮಾಡಬಲ್ಲುದು ಎಂದು ಕಾನೂನೇ ಒಪ್ಪಿಕೊಂಡಂತಾಯಿತು.

ನೇತ್ರಾವತಿಯ ಸೇತುವೆ ದಾಟಿ ಮಂಗಳೂರಿಗೆ ಬಂದರೆ ಇಂಥ ಒಂದು ಸಂತೆ ಕಾಣಸಿಗುತ್ತದೆ. 'ಸಾವಯವ ಕೃಷಿಕ ಗ್ರಾಹಕ ಬಳಗ' ಎಂಬ ಕೂಟ ಭಾನುವಾರದ ಬೆಳಗ್ಗೆ ನಡೆಸಿಕೊಂಡು ಬಂದ ಸಂತೆ ಅದು; ನಡೆಯುವುದು ಹಂಪನಕಟ್ಟೆಯ ಬಳಿಯ ಪಂಜೆ ಮಂಗೇಶರಾವ್ ರಸ್ತೆಯಲ್ಲಿ. ಬಂಟ್ವಾಳದ ನೆಲದಲ್ಲಿ ಹುಟ್ಟಿ ಮಕ್ಕಳಿಗಾಗಿ ಬರೆದ ಪಂಜೆಯವರ ಹೆಸರಿನ ಬೀದಿಯಲ್ಲಿ ಬಂಟ್ವಾಳದ ಕಡೆಯ ಬಸಳೆ ಮಾರಾಟವಾಗುವುದು ಸಾಹಿತ್ಯಪ್ರಿಯರಿಗೆ ಪ್ರಿಯವಾದ ಆಕಸ್ಮಿಕ. ಬಳಗದ ಹೆಸರನ್ನು ಗಮನಿಸಬೇಕು. ಕೃಷಿಕ, ಗ್ರಾಹಕ ಎಂಬ ಎರಡು ಪದಗಳ ನಡುವೆ ಅಲ್ಪವಿರಾಮ ಕೂಡ ಇಲ್ಲ. ಕೊಳ್ಳುವವರು ಕೂಡ ಇಲ್ಲಿ ಸಂಘಟನೆಯ ಒಳಗಿನವರು.

ಸಂತೆ ಬೆಳಕು ಹರಿಯುವ ಹೊತ್ತಿಗೆ ಕಳೆಕಟ್ಟುತ್ತದೆ, ಬಿಸಿಲು ಏರುವಷ್ಟರಲ್ಲಿ ಮುಗಿಯುತ್ತದೆ. ಈ ಹೊತ್ತಿನ ಆಯ್ಕೆಯಲ್ಲೂ ಅರ್ಥವಿದೆ. ಸೊಪ್ಪು ಬಾಡುವುದಿಲ್ಲ, ಬೆಳೆಗಾರನಿಗೆ ಮಧ್ಯಾಹ್ನದೊಳಗೆ ಮನೆ ಸೇರಿ ಹಟ್ಟಿಯ ಕೆಲಸ ನೋಡಲು ಸಾಧ್ಯ, ಅಂಗಡಿಗಳು ತೆರೆಯದ ಬೀದಿಯಲ್ಲಿ ಜಾಗಕ್ಕೆ ಜಗಳವಿಲ್ಲ. ಮಾಲು ಕೂಡ ಪೇಟೆಯ ಅಂಗಡಿಯಂತಲ್ಲ. ಋತುವಿಗೆ ತಕ್ಕಂತೆ ಬಿಳಿ ಬೆಂಡೆ, ಹೀರೆ, ಮುಳ್ಳುಸೌತೆ, ಬಾಳೆದಿಂಡು, ಕೆಸು, ತಿಮರೆ, ಪುನರ್ಪುಳಿ, ಊರ ಕುಚ್ಚಲಕ್ಕಿ, ಗಾಣದ ತೆಂಗಿನೆಣ್ಣೆ, ಜೇನು. ಸಗಟು ಮಾರುಕಟ್ಟೆ ಕಡೆಗಣ್ಣಿನಿಂದಲೂ ನೋಡದ ಚಿಕ್ಕಚಿಕ್ಕ ಬಗೆಗಳಿಗೆ ಇಲ್ಲಿ ಮರ್ಯಾದೆ. ಐದು ಕಿಲೊ ಎಂಬುದು ಇಲ್ಲಿ ಚಿಕ್ಕ ಮೊತ್ತವಲ್ಲ.

ಇಂಥ ಸಂತೆ ನಿಲ್ಲುವುದು ಕೆಲವು ಕಟ್ಟುಪಾಡುಗಳ ಮೇಲೆ. ಅವು ಲೋಕದ ಎಲ್ಲೆಡೆ ಹೆಚ್ಚುಕಡಮೆ ಒಂದೇ ರೀತಿಯವು. ಮೊದಲನೆಯದು, ತಾನು ಬೆಳೆದದ್ದನ್ನೇ ಮಾರಬೇಕು. ನ್ಯೂಯಾರ್ಕ್ ನಗರದಲ್ಲಿ 1976ರಲ್ಲಿ ತೊಡಗಿದ 'ಗ್ರೀನ್‌ಮಾರ್ಕೆಟ್' ಇಂದಿಗೂ ಈ ನಿಯಮವನ್ನು ಬಿಗಿಯಾಗಿ ಹಿಡಿದಿದೆ. ನಿಯಮ ಸರಳ, ಕಾಯುವುದು ಕಷ್ಟ. ಬೆಳಗ್ಗಿನ ಜಾವ ಸಗಟು ಮಾರುಕಟ್ಟೆಯಲ್ಲಿ ಒಂದು ಚೀಲ ಕೊಂಡು, ಬುಟ್ಟಿಗೆ ಸುರಿದು, 'ಮನೆಯದ್ದು' ಎಂದರೆ ಯಾರಿಗೆ ತಿಳಿಯುತ್ತದೆ? ತಿಳಿಯುವುದು ಪಕ್ಕದ ಬೆಳೆಗಾರನಿಗೆ. ಯಾವ ತಿಂಗಳಲ್ಲಿ ಯಾವ ಊರಿನಲ್ಲಿ ಏನು ಬೆಳೆಯುತ್ತದೆಂಬುದು ಅವನಿಗೆ ಗೊತ್ತು. ಆಟಿಯ ಮಳೆಯಲ್ಲಿ ಒಬ್ಬನ ಮೇಜಿನ ಮೇಲೆ ನುಣುಪಾದ ಟೊಮೆಟೊ ರಾಶಿ ಕಂಡರೆ ಆತ ಹುಬ್ಬೇರಿಸದೆ ಇರಲಾರ. ಆಮೇಲೆ ತೋಟಕ್ಕೆ ಭೇಟಿ. ಗ್ರಾಹಕರೂ ಇತರ ಬೆಳೆಗಾರರೂ ಕೂಡಿ ಹೋಗಿ ಹಟ್ಟಿ, ಗೊಬ್ಬರಗುಂಡಿ, ಬೆಳೆಯ ಸಾಲು ನೋಡಿ ಬರುವುದು. ತೋಟದ ಮೂಲೆಯಲ್ಲಿ ಬಿದ್ದಿರುವ ಖಾಲಿ ಬಾಟಲಿ ಎಷ್ಟೋ ದಾಖಲೆಗಳಿಗಿಂತ ಹೆಚ್ಚು ಹೇಳುತ್ತದೆ. ಇಂಥ ಭೇಟಿಗೆ ಬಾಗಿಲು ತೆರೆಯದವನನ್ನು ಸಂತೆಯಿಂದ ದೂರವಿಡುವ ಧೈರ್ಯ ಸಂಘಟಕರಿಗಿರಬೇಕು. ಸಂತೆಗಳು ಕೆಡುವುದು ಬಹುಮಟ್ಟಿಗೆ ಈ ಧೈರ್ಯ ಸಾಲದೆ.

ನಿಯಮದ ಅಂಚಿನಲ್ಲಿ ತಕರಾರುಗಳೂ ಇರುತ್ತವೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಬಿಟ್ಟವನ ತೋಟದ ಬಾಳೆಕಾಯಿ ಸಾವಯವವೇ? ತಾಮ್ರದ ಲವಣವನ್ನು ಸಾವಯವದ ಮಾನದಂಡಗಳು ಮಿತಿಯೊಳಗೆ ಒಪ್ಪುತ್ತವೆ, ಆದರೆ ಕೊಳ್ಳುವ ತಾಯಿಗೆ ಅದು ಮದ್ದೇ ಅಲ್ಲವೆ? ಅಕ್ಕಪಕ್ಕದವನು ಕಳೆನಾಶಕ ಬಿಟ್ಟ ಗದ್ದೆಯ ನೀರು ಈತನ ಗದ್ದೆಗೆ ಇಳಿದರೆ ಯಾರ ತಪ್ಪು? ಇವಕ್ಕೆ ಸುಲಭದ ಉತ್ತರ ಇಲ್ಲ. ಇದ್ದದ್ದನ್ನು ಇದ್ದಂತೆ ಹೇಳುವ ಸಂತೆಯನ್ನು ಜನ ಬಿಟ್ಟುಹೋಗುವುದಿಲ್ಲ ಎಂದು ನನ್ನ ಎಣಿಕೆ. 'ಬೋರ್ಡೋ ಬಿಟ್ಟಿದ್ದೇನೆ, ಬೇರೇನೂ ಇಲ್ಲ' ಎಂದು ಹೇಳಿ ಮಾರಿದವನ ಗೊನೆಯನ್ನು ನಾನಾದರೂ ಕೊಳ್ಳುವೆ.

'ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದಂತೆ' ಎಂಬ ಗಾದೆ ನಮ್ಮಲ್ಲಿದೆ. ಬಟ್ಟೆಯನ್ನಾದರೂ ಹಾಗೆ ನೇಯಬಹುದೇನೋ, ಹರಿವೆಯನ್ನು ಹಾಗೆ ಬೆಳೆಯಲಾಗದು. ಭಾನುವಾರದ ಮೇಜು ತುಂಬಬೇಕಾದರೆ ಎರಡು ಮೂರು ತಿಂಗಳ ಹಿಂದೆಯೇ ಯಾರು ಏನು ಬಿತ್ತಬೇಕೆಂಬ ಮಾತಾಗಿರಬೇಕು. ಇಲ್ಲವಾದರೆ ಮಾಘದಲ್ಲಿ ಎಲ್ಲರ ಬಳಿಯೂ ಸೌತೆಕಾಯಿ, ಜುಲೈಯಲ್ಲಿ ಯಾರ ಬಳಿಯೂ ಏನೂ ಇಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಅದರ ಬಹುಪಾಲು ನಾಲ್ಕು ತಿಂಗಳಲ್ಲೇ ಸುರಿಯುವ ಈ ನಾಡಿನಲ್ಲಿ ಮಳೆಗಾಲವೇ ಸಾವಯವ ಸಂತೆಯ ಅಗ್ನಿಪರೀಕ್ಷೆ. ನಮ್ಮ ಹಿರಿಯರು ಆ ತಿಂಗಳುಗಳನ್ನು ಕಳೆಯುತ್ತಿದ್ದುದು ಹೇಗೆ? ಕಣಿಲೆ, ತಜಂಕು, ಕೆಸುವಿನ ಎಲೆ, ಹಲಸಿನ ಬೀಜ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಗೆಡ್ಡೆಗೆಣಸುಗಳಿಂದ. ಮಂಗಳೂರಿನಲ್ಲಿ ನಡೆದಿರುವ ಗೆಡ್ಡೆಗೆಣಸಿನ ಮೇಳಗಳು, ಹಲಸಿನ ಹಬ್ಬಗಳು ಕೇವಲ ಜಾತ್ರೆಗಳಲ್ಲ. ಮೇಜು ಬರಿದಾಗುವ ತಿಂಗಳಲ್ಲಿ ಏನು ತಿನ್ನಬಹುದೆಂಬುದನ್ನು ಪೇಟೆಯ ನಾಲಗೆಗೆ ನೆನಪಿಸುವ ಕೆಲಸವನ್ನೂ ಅವು ಮಾಡುತ್ತವೆ. ಕರಾವಳಿಯ ಮಣ್ಣಿನಲ್ಲಿ ಆಗಸ್ಟಿನಲ್ಲಿ ಸಾವಯವ ಕೋಸು ಕೇಳುವ ಗ್ರಾಹಕ ಸಾವಯವವನ್ನು ಕೇಳುತ್ತಿಲ್ಲ, ಸುಳ್ಳನ್ನು ಕೇಳುತ್ತಿದ್ದಾನೆ.

ಬೆಲೆಯ ಮಾತನ್ನು ಬಿಡುವಂತಿಲ್ಲ. ಸಾವಯವವೆಂದರೆ ಸಿರಿವಂತರ ಶೋಕಿ ಎಂಬ ಟೀಕೆ ಇದೆ, ಅದು ಪೂರ್ತಿ ಸುಳ್ಳೂ ಅಲ್ಲ. ಜಪಾನಿನಲ್ಲಿ 1970ರ ದಶಕದಲ್ಲಿ ಗೃಹಿಣಿಯರೂ ರೈತರೂ ಕೂಡಿ 'ತೇಕೇ' ಎಂಬ ಒಡಂಬಡಿಕೆಯ ಪದ್ಧತಿ ಕಟ್ಟಿದರು. ಅಲ್ಲಿನ ಸಾವಯವ ಕೃಷಿ ಸಂಘ ಹುಟ್ಟಿದ್ದು 1971ರಲ್ಲಿ. 'ಬೆಳೆದವನ ಮುಖವಿರುವ ಆಹಾರ' ಎಂದು ಆ ಪದಕ್ಕೆ ವಿವರಣೆ ಕೊಡುವುದುಂಟು. ಅದರ ವಿಶೇಷವೆಂದರೆ ಬೆಳೆ ಹೆಚ್ಚಿದರೂ ಕಡಿಮೆಯಾದರೂ ಬಂದದ್ದನ್ನು ಕೊಳ್ಳುತ್ತೇವೆಂದು ಮನೆಗಳು ಮೊದಲೇ ಮಾತು ಕೊಡುವುದು. ನಮ್ಮ ಸಂತೆಗಳಲ್ಲಿ ಇದು ಇನ್ನೂ ಸಾಲದು. ಸಗಟು ದರ ಪಾತಾಳಕ್ಕಿಳಿದ ವಾರ ಗ್ರಾಹಕ ಪಕ್ಕದ ಅಂಗಡಿಗೆ ಜಾರುತ್ತಾನೆ. ಏರಿದ ವಾರ ಸಂತೆಗೆ ಬಂದು ಅಗ್ಗವೆಂದು ಮೆಚ್ಚುತ್ತಾನೆ. ಬೆಳೆಗಾರನಿಗೆ ಬೇಕಾದದ್ದು ಒಂದು ವಾರದ ಹೆಚ್ಚಿನ ಬೆಲೆಯಲ್ಲ. ವರ್ಷವಿಡೀ ಹೆಚ್ಚು ಏರಿಳಿಯದ ಬೆಲೆ.

ಇನ್ನು ಉಳ್ಳಾಲದ ಕಡೆಗೆ ಬರೋಣ. ಹರೇಕಳ ಮತ್ತು ಅಡ್ಯಾರಿನ ನಡುವೆ ಬಹುಕಾಲ ದೋಣಿಯೇ ದಾರಿಯಾಗಿತ್ತು. ಈಗ ಅಲ್ಲಿ ಕಿಂಡಿ ಅಣೆಕಟ್ಟಿನೊಡನೆ ಸೇತುವೆ ಬಂದಿದೆ; ಬೇಸಗೆಯಲ್ಲಿ ಉಪ್ಪುನೀರು ನದಿಯನ್ನೇರಿ ಬಾವಿ, ಗದ್ದೆಗಳನ್ನು ಕೆಡಿಸದಂತೆ ತಡೆಯುವುದೂ ಅದರ ಉದ್ದೇಶ. ತರಕಾರಿ ಬೆಳೆಗಾರನಿಗೆ ದಾರಿಯೂ ಸಿಹಿನೀರೂ ಒಟ್ಟಿಗೆ ಬಂದವು. ಹಾಗಿದ್ದರೂ ಭಾನುವಾರದ ಒಂದು ಬೆಳಗಿಗಾಗಿ ಎರಡು ಬುಟ್ಟಿ ಹೊತ್ತು ಮಂಗಳೂರಿಗೆ ಹೋಗಿ ಬರುವ ರಿಕ್ಷಾ ಬಾಡಿಗೆ ಬುಟ್ಟಿಯ ಲಾಭವನ್ನು ನುಂಗಿಬಿಡುತ್ತದೆ. ಮೂವರು ನಾಲ್ವರು ಸೇರಿ ಒಂದು ವಾಹನ ಮಾಡಿಕೊಳ್ಳಬಹುದು. ಒಬ್ಬನೇ ನಾಲ್ವರ ಮಾಲು ಒಯ್ಯಲೂಬಹುದು, ಪ್ರತಿ ಬುಟ್ಟಿಯ ಮೇಲೆ ಬೆಳೆದವರ ಹೆಸರೂ ಊರೂ ಬರೆದಿರಬೇಕು ಅಷ್ಟೆ. ಅದಕ್ಕಿಂತ ಒಳ್ಳೆಯದು ಸಂತೆಯೇ ನದಿಯ ಈಚೆಗೆ ಬರುವುದು. ತೊಕ್ಕೊಟ್ಟಿನಲ್ಲಿ ಹೆದ್ದಾರಿಯ ಜನಸಂದಣಿ ಇದೆ. ದೇರಳಕಟ್ಟೆಯಲ್ಲಿ ವೈದ್ಯಕೀಯ ಕಾಲೇಜುಗಳು, ಆಸ್ಪತ್ರೆಗಳು, ಕೊಣಾಜೆಯಲ್ಲಿ ವಿಶ್ವವಿದ್ಯಾಲಯ, ಎಲ್ಲೆಡೆ ವಿದ್ಯಾರ್ಥಿನಿಲಯಗಳು. ಪ್ರತಿದಿನ ನೂರಾರು ಎಲೆಗಳಿಗೆ ಅನ್ನ ಬಡಿಸುವ ಅಡುಗೆಮನೆಗಳು ಅವು. ಅಂಥ ಒಂದೇ ಅಡುಗೆಮನೆ ವಾರಕ್ಕೆ ಇಷ್ಟು ಸೌತೆ, ಇಷ್ಟು ಬಸಳೆ ಎಂದು ಮೊದಲೇ ಮಾತು ಕೊಟ್ಟರೆ ಹತ್ತಿರದ ಹಳ್ಳಿಗಳ ಹಲವು ಗದ್ದೆಗಳಿಗೆ ಬಿತ್ತುವ ಧೈರ್ಯ ಬರುತ್ತದೆ. ರೋಗಿಗೆ ಮದ್ದು ಕೊಡುವ ಆಸ್ಪತ್ರೆ, ಮದ್ದಿಲ್ಲದ ತರಕಾರಿಯನ್ನೂ ಕೊಟ್ಟರೆ ತಪ್ಪೇನು?

ಕರಾವಳಿಯ ತೆಂಗಿನ ಬುಡಕ್ಕೆ ಹಿಂದೆ ಬೂತಾಯಿ ಮೀನನ್ನು ಗೊಬ್ಬರವಾಗಿ ಹಾಕುವ ವಾಡಿಕೆ ಇತ್ತು. ಕಡಲಿನ ಉಳ್ಳಾಲಕ್ಕೂ ಮಣ್ಣಿನ ಉಳ್ಳಾಲಕ್ಕೂ ಇದ್ದ ಆ ನಂಟು ಈಗ ಬಹುಮಟ್ಟಿಗೆ ಕಡಿದಿದೆ. ಸಂತೆಯೊಂದು ಇತ್ತ ಬಂದರೆ ಬೆಳಗ್ಗೆ ಮೀನಿನ ಬುಟ್ಟಿಯೂ ಸೊಪ್ಪಿನ ಬುಟ್ಟಿಯೂ ಒಂದೇ ಬೀದಿಯಲ್ಲಿ ಕೂರಬಹುದು. ಮೀನಿನ ಹೆಂಗಸು ಗ್ರಾಹಕರೊಡನೆ ಮಾತಾಡುವ ಬಗೆಯನ್ನು ನಮ್ಮ ತರಕಾರಿ ಬೆಳೆಗಾರರು ಕಲಿಯಬೇಕಾದದ್ದು ಬಹಳ ಇದ್ದೀತು. 1988ರಲ್ಲಿ ಪುತ್ತೂರಿನಿಂದ ಹೊರಬರತೊಡಗಿದ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೆ ಲೇಖನಿ ಕೊಟ್ಟಿತು. ತನ್ನ ಅನುಭವವನ್ನು ತನ್ನ ಹೆಸರಿನಲ್ಲೇ ಬರೆಯುವ ಕೃಷಿಕರ ಒಂದು ಪಂಗಡವೇ ಈ ಜಿಲ್ಲೆಯಲ್ಲಿ ತಯಾರಾಯಿತು. ಬೆಳೆಯನ್ನು ತನ್ನ ಹೆಸರಿನಲ್ಲಿ ಮಾರುವುದಕ್ಕೆ ಅಂಥದೇ ಸಂಕೋಚ ಬಿಡಬೇಕಾಗುತ್ತದೆ. ಮಾರುವುದು ತಮ್ಮ ಕೆಲಸವಲ್ಲ, ಸೆಟ್ಟಿಗಳ ಕೆಲಸ ಎಂದುಕೊಂಡವರು ನಮ್ಮ ಗದ್ದೆಗಳಲ್ಲಿ ಇನ್ನೂ ಇದ್ದಾರೆ.

ಹರೇಕಳದ ಮೆಣಸಿನ ಬೀಜ ಯಾವ ಅಂಗಡಿಯ ಪೊಟ್ಟಣದಲ್ಲೂ ಹುಟ್ಟಿದ್ದಲ್ಲ. ಬೆಳೆದವರು ಒಳ್ಳೆಯ ಗಿಡವನ್ನು ಗುರುತಿಟ್ಟು, ಹಣ್ಣನ್ನು ಒಣಗಿಸಿ, ಬೂದಿಯಲ್ಲಿ ಹೊರಳಿಸಿ ಮುಂದಿನ ವರ್ಷಕ್ಕೆ ಎತ್ತಿಟ್ಟುಕೊಳ್ಳುವಂಥ ಬೀಜ ಅದು. ಸಗಟು ಮಾರುಕಟ್ಟೆಯಲ್ಲಿ ಅದಕ್ಕೆ ಹೆಸರಿಲ್ಲ. ಅಲ್ಲಿ ಅದು ಹಸಿಮೆಣಸು, ಅಷ್ಟೆ. ಅದರ ಹೆಸರು ಹಿಡಿದು ಕೇಳುವವರು ವಾರಕ್ಕೆ ಹತ್ತು ಮಂದಿ ಬಂದರೂ ಸಾಕು, ಬೆಳೆದವರು ಮರುವರ್ಷಕ್ಕೆಂದು ಒಂದು ಗಿಡದ ಹಣ್ಣನ್ನು ಕೊಯ್ಯದೆ ಬಿಡುತ್ತಾರೆ.